ರೆವಿನ್ಯೂ ಅಂದ್ರೆ ತಾಲ್ಲೂಕು ಕಚೇರಿ ಅಲ್ಲಮ್ಮಾ!

‘ರೆವಿನ್ಯೂ ಕೆಲ್ಸ ಅಂದ್ರೆ ಪಹಣಿ, ಖಾತೆ ಮಾಡಿಸಿಕೊಡೋದೇನೇ?’

ಆಫೀಸಿನಲ್ಲಿ ಹೊಸ ಜವಾಬ್ದಾರಿ ಸಿಕ್ಕಿದೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ನಕ್ಕುಬಿಟ್ಟೆ. ಆದರೆ ‘ಹಾಗಾದ್ರೆ ಇನ್ನೇನು?’ ಅಂತ ಮತ್ತೆ ಕೇಳಿದಾಗ ಉತ್ತರ ಹೊಳೆಯಲಿಲ್ಲ. ನನಗೇ ಸರಿಯಾಗಿ ಗೊತ್ತಿರಲಿಲ್ಲ.

ನಾನಾಗ ಬೆಂಗಳೂರಿನ ಪೀಣ್ಯದ ಕಡೆ, ಸಣ್ಣ ಕಾರ್ಖಾನೆಗಳಿಗೆ ಹಾಜರಾತಿ ಮತ್ತು ಸಂಬಳದ ಲೆಕ್ಕದ ಸಾಫ್ಟ್‌ವೇರ್ ಮಾರುವ ಪುಟ್ಟ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಆ ತಿಂಗಳು ಹಳೇ ಗ್ರಾಹಕರೊಬ್ಬರು ನಮ್ಮನ್ನು ಬಿಟ್ಟು ಹೋಗಿದ್ದರು. ಅವರ ದೂರು ಎರಡು ತಿಂಗಳಿಂದ ಸಪೋರ್ಟ್‌ನವರ ಹತ್ತಿರ ಕೊಳೆಯುತ್ತಿತ್ತು. ಸೇಲ್ಸ್‌ನವರಿಗೆ ಅದು ಗೊತ್ತೇ ಇರಲಿಲ್ಲ. ಮಾರ್ಕೆಟಿಂಗ್‌ನವರು ಅವರಿಗೇ ‘ಹೊಸ ಆಫರ್’ ಮೆಸೇಜ್ ಕಳಿಸುತ್ತಿದ್ದರು. ನಾನೋ, ಬಾಕಿ ಕಟ್ಟಿ ಅಂತ ವಾರಕ್ಕೊಂದು ಮೇಲ್ ಹಾಕುತ್ತಿದ್ದೆ!

ಮಾಲೀಕರು ಕರೆದು, ‘ಇನ್ಮೇಲೆ ರೆವಿನ್ಯೂ ಆಪರೇಷನ್ಸ್ ಅಂತ ಒಂದು ಶುರು ಮಾಡೋಣ. ನೀವೇ ನೋಡ್ಕೊಳ್ಳಿ. ಮೂರು ತಿಂಗಳಲ್ಲಿ ಒಂದು ಹದಕ್ಕೆ ಬರ್ಬೇಕು’ ಎಂದರು.

ಮಾರ್ಕೆಟಿಂಗ್, ಸೇಲ್ಸ್, ಗ್ರಾಹಕ ಸೇವೆ, ಅಕೌಂಟ್ಸ್ ಎಲ್ಲವೂ ಕಂಪನಿಗೆ ದುಡ್ಡು ಬರುವ ದಾರಿಯಲ್ಲಿ ನಿಂತಿರುವ ವಿಭಾಗಗಳು. ಅವರೆಲ್ಲರ ಲೆಕ್ಕ, ಮಾಹಿತಿ, ಜವಾಬ್ದಾರಿ ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುವುದೇ ಈ ಕೆಲಸ. ಆಮೇಲೆ ಅಮ್ಮನಿಗೆ ಹೀಗೆ ವಿವರಿಸಿದಾಗ, ‘ಮದುವೆ ಮನೇಲಿ ಉಗ್ರಾಣ ನೋಡ್ಕೊಳ್ಳೋರ ಥರ ಅನ್ನು’ ಎಂದಳು. ಅಷ್ಟು ಚೆನ್ನಾಗಿ ನಮ್ಮ ಮಾಲೀಕರೂ ಹೇಳಿರಲಿಲ್ಲ.

ಮೊದಲ ಎಡವಟ್ಟು

ಹುರುಪಿನಲ್ಲಿ ನಾನು ಮೊದಲು ಮಾಡಿದ್ದು ಒಂದು ಫಾರಂ. ಗ್ರಾಹಕರ ವಿವರ ತುಂಬಲು ಕಂಪ್ಯೂಟರಿನಲ್ಲಿ 22 ಕಾಲಂ, ಎಲ್ಲವೂ ಕಡ್ಡಾಯ. ಒಂದು ಬಿಟ್ಟರೂ ಮುಂದಕ್ಕೆ ಹೋಗುವಂತಿಲ್ಲ. ವಾರ ಕಳೆದು ನೋಡಿದರೆ ಫೋನ್ ನಂಬರಿನ ಜಾಗದಲ್ಲಿ ಹತ್ತು ಒಂಬತ್ತುಗಳು, ವಿಳಾಸದಲ್ಲಿ ಬರೀ ಚುಕ್ಕೆ! ಕೆಲಸ ಕದಿಯುತ್ತಿದ್ದಾರೆ ಅಂತ ಸಿಟ್ಟು ಬಂತು. ನಿಧಾನಕ್ಕೆ ಗೊತ್ತಾಯಿತು, ತಪ್ಪು ಅವರದ್ದಲ್ಲ. ಬಿಸಿಲಲ್ಲಿ ಕಾರ್ಖಾನೆಯ ಗೇಟಿನ ಮುಂದೆ ನಿಂತು ಮೊಬೈಲಿನಲ್ಲಿ 22 ಕಾಲಂ ಯಾರು ತುಂಬುತ್ತಾರೆ?

ಒಂದೇ ವ್ಯಾಪಾರ, ನಾಲ್ಕು ಲೆಕ್ಕ

ಎರಡನೇ ಪಾಠ ಮೀಟಿಂಗಿನಲ್ಲಿ ಸಿಕ್ಕಿತು. ‘ಈ ತಿಂಗಳ ವ್ಯಾಪಾರ ಎಷ್ಟು?’ ಎಂಬ ಒಂದು ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಒಂದು ವರ್ಷದ ಚಂದಾ 1,20,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿದರೆ ಬಿಲ್ಲು 1,41,600. ಸೇಲ್ಸ್‌ನವರು ಹೇಳುವುದು ಇದನ್ನು. ಗ್ರಾಹಕರು ಶೇ 10ರಷ್ಟು ಟಿಡಿಎಸ್ ಹಿಡಿದುಕೊಂಡರೆ 12,000 ಕಳೆದು ಬ್ಯಾಂಕಿಗೆ ಬರುವುದು 1,29,600. ಜಿಎಸ್‌ಟಿ ಸರ್ಕಾರದ್ದು, ಆದ್ದರಿಂದ ಮಾಲೀಕರ ಮನಸ್ಸಿನಲ್ಲಿರುವುದು 1,20,000. ನಮ್ಮ ಅಕೌಂಟ್ಸ್ ಪುಸ್ತಕದಲ್ಲೋ, ಸೇವೆ ಕೊಟ್ಟ ಹಾಗೆಲ್ಲ ಆದಾಯ ಬರೆಯಬೇಕು. ಆ ತಿಂಗಳಿಗೆ ಬರೀ 10,000.

ನಾಲ್ಕೂ ಸರಿ. ಯಾವ ಮೀಟಿಂಗಿನಲ್ಲಿ ಯಾವುದನ್ನು ಹೇಳುವುದು ಅಂತ ನಿಗದಿಯಾಗಿರಲಿಲ್ಲ, ಅಷ್ಟೇ. ಅವತ್ತೇ ಒಂದು ಹಾಳೆಯಲ್ಲಿ ‘ವ್ಯಾಪಾರ ಎಂದರೆ ಜಿಎಸ್‌ಟಿ ಬಿಟ್ಟ ಬಿಲ್ಲಿನ ಮೊತ್ತ’, ‘ವಸೂಲಿ ಎಂದರೆ ಬ್ಯಾಂಕಿಗೆ ಬಂದದ್ದು’ ಅಂತ ಬರೆದು ಎಲ್ಲರ ಸಹಿ ಹಾಕಿಸಿ ಗೋಡೆಗೆ ಅಂಟಿಸಿದೆವು. ಮೂರು ತಿಂಗಳಲ್ಲಿ ಮಾಡಿದ ಕೆಲಸಗಳಲ್ಲಿ ತೀರಾ ಅಗ್ಗದ್ದು ಇದು, ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

ಇನ್ನೊಂದು ತಲೆನೋವು, ಒಂದೇ ಗ್ರಾಹಕರು ಮೂರು ಹೆಸರಿನಲ್ಲಿ ಇರುವುದು. ಇದಕ್ಕೆ ಜಿಎಸ್‌ಟಿ ನಂಬರ್ ಕೈಹಿಡಿಯಿತು. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಪ್ಯಾನ್ ನಂಬರ್. ಪೀಣ್ಯದಲ್ಲೊಂದು, ಹೊಸೂರಿನಲ್ಲೊಂದು ಘಟಕ ಇದ್ದರೆ ಜಿಎಸ್‌ಟಿ ನಂಬರ್ ಬೇರೆ ಬೇರೆ, ಆದರೆ ನಡುವಿನ ಹತ್ತು ಅಕ್ಷರ ಒಂದೇ. ಅದನ್ನು ಹಿಡಿದು ಜೋಡಿಸಿದಾಗ ನಮ್ಮ ‘ಹೊಸ ಗ್ರಾಹಕರ’ ಪಟ್ಟಿಯಲ್ಲಿ ಎಷ್ಟೋ ಮಂದಿ ಹಳಬರೇ ಎಂದು ಗೊತ್ತಾಯಿತು.

ಆ ಡೈರಿ

ಇಷ್ಟಾದರೂ ನಮ್ಮ ಹಿರಿಯ ಸೇಲ್ಸ್‌ಮನ್ ಒಬ್ಬರು ಕಂಪ್ಯೂಟರ್ ಮುಟ್ಟಲಿಲ್ಲ. ಎಲ್ಲವೂ ಅವರ ಕಪ್ಪು ಡೈರಿಯಲ್ಲಿ. ಒಂದು ಸಂಜೆ ಕೇಳಿಯೇಬಿಟ್ಟೆ.

‘ಮೇಡಂ, ಈ ಡೈರಿಲಿರೋದು ನನ್ನ ಇಪ್ಪತ್ತು ವರ್ಷ. ಎಲ್ಲಾ ನಿಮ್ಮ ಕಂಪ್ಯೂಟರಿಗೆ ಹಾಕಿದ್ಮೇಲೆ ನಾನ್ಯಾಕೆ ಬೇಕು ಹೇಳಿ?’

ಬಾಯಿ ಕಟ್ಟಿತು. ಅವರ ಇನ್ಸೆಂಟಿವ್ ದುಡ್ಡಿನಲ್ಲಿ ಮಗನ ಇಂಜಿನಿಯರಿಂಗ್ ಫೀಸು ಹೋಗುತ್ತಿತ್ತು. ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ.

ಮರುದಿನ ಮಾಲೀಕರ ಹತ್ತಿರ ಹೋಗಿ, ಈ ಹೊಸ ಲೆಕ್ಕ ನೋಡಿ ಆರು ತಿಂಗಳು ಯಾರ ಇನ್ಸೆಂಟಿವ್ ಕೂಡ ಕಡಿತ ಮಾಡಬಾರದು, ಯಾರದೇ ಗ್ರಾಹಕರನ್ನು ಬೇರೆಯವರಿಗೆ ಕೊಡಬಾರದು, ಅದನ್ನು ಬರವಣಿಗೆಯಲ್ಲಿ ಕೊಡಿ ಅಂತ ಕೇಳಿದೆ. ಒಪ್ಪಲು ಒಂದು ವಾರ ತೆಗೆದುಕೊಂಡರು. ಆ ವಾರ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಆಮೇಲೆ ಆ ಹಿರಿಯರ ಸ್ಕೂಟರಿನ ಹಿಂದೆ ಕೂತು ಒಂದು ದಿನ ಸುತ್ತಿದೆ. ಡೈರಿಯಲ್ಲಿ ಅವರು ಬರೆಯುತ್ತಿದ್ದದ್ದು ಇಷ್ಟೇ: ಯಾರು, ಏನು ಬೇಕು, ಎಷ್ಟಕ್ಕೆ, ಮುಂದೇನು, ಯಾವತ್ತು. ‘ಮಗಳ ಮದುವೆ ಇದೆ, ಮುಗಿದ ಮೇಲೆ ಹೋಗು’ ಎಂಬಂಥ ಸಾಲುಗಳು. ವಾಪಸ್ ಬಂದು ನನ್ನ 22 ಕಾಲಂ ಅಳಿಸಿ ಐದು ಮಾಡಿದೆ. ಡೈರಿಯೇ ಫಾರಂ ಆಯಿತು. ಅವರು ತುಂಬಲು ಶುರು ಮಾಡಿದರು, ಉಳಿದವರೂ ಹಿಂದೆ ಬಂದರು.

ಮೂರು ತಿಂಗಳ ಕೊನೆಗೆ

ಮಾಲೀಕರು ಕೇಳಿದ್ದ ಬಣ್ಣಬಣ್ಣದ ಗ್ರಾಫು ತಯಾರಾಗಿರಲಿಲ್ಲ. ಒಂದು ಪಟ್ಟಿ ಮಾತ್ರ ತಯಾರಾಗಿತ್ತು. ಮುಂದಿನ 90 ದಿನಗಳಲ್ಲಿ ಯಾರ ಚಂದಾ ಮುಗಿಯುತ್ತದೆ, ಅವರ ದೂರೇನಾದರೂ ಬಾಕಿ ಇದೆಯೇ, ಯಾರು ಹೋಗಿ ಮಾತಾಡಬೇಕು. ಪ್ರತಿ ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ನಾಲ್ಕೂ ವಿಭಾಗದವರು ಅದನ್ನು ನೋಡುವುದು, ಅಷ್ಟೇ.

ಎರಡನೇ ಸೋಮವಾರವೇ ಕೆಂಪು ಗುರುತಿನ ಒಂದು ಹೆಸರು ಕಂಡಿತು. ದೂರು ಬಾಕಿ, ಚಂದಾ ಮುಗಿಯಲು ಮೂರು ವಾರ. ಆ ಹಿರಿಯರು ‘ಇವ್ರು ನನಗೆ ಗೊತ್ತು, ನಾನೇ ಹೋಗ್ತೀನಿ’ ಎಂದು ಸಪೋರ್ಟ್ ಹುಡುಗನನ್ನೂ ಕರೆದುಕೊಂಡು ಹೊರಟರು. ಸಂಜೆ ಸಮಸ್ಯೆ ಸರಿಹೋಯಿತು. ಗ್ರಾಹಕರು ಉಳಿದರು.

ನಿಮ್ಮಲ್ಲಿ ಯಾರಿಗಾದರೂ, ಅಥವಾ ನಿಮ್ಮ ಮಗಳಿಗೋ ಸೊಸೆಗೋ ಇಂಥ ಮೊದಲ ಪ್ರಾಜೆಕ್ಟ್ ಬಂದರೆ ನನ್ನದು ಇಷ್ಟೇ ಸಲಹೆ. ಸಾಫ್ಟ್‌ವೇರ್ ಆಮೇಲೆ ಕೊಳ್ಳಿ, ಮೊದಲು ಪದಗಳ ಅರ್ಥ ಒಪ್ಪಿಸಿ. ಇಡೀ ಕಂಪನಿ ತಿದ್ದಲು ಹೋಗಬೇಡಿ, ದುಡ್ಡು ಸೋರುವ ಒಂದು ತೂತು ಹಿಡಿಯಿರಿ. ಶುರು ಮಾಡುವ ದಿನ ಪರಿಸ್ಥಿತಿ ಹೇಗಿತ್ತು ಅಂತ ಬರೆದಿಡಿ. ಇಲ್ಲವಾದರೆ ಸುಧಾರಿಸಿತೋ ಇಲ್ಲವೋ ಅಂತ ಹೇಳುವುದು ಹೇಗೆ? ಮತ್ತೆ, ಮಾಹಿತಿ ಕೇಳುವ ಮೊದಲು ಅದನ್ನು ಕೊಡುವವರಿಗೆ ಏನು ಭಯ ಇದೆ ಅಂತ ಕೇಳಿ.

ಮೊನ್ನೆ ಊರಿಗೆ ಹೋದಾಗ ಪಕ್ಕದ ಮನೆಯವರು ನನ್ನ ಕೆಲಸ ಏನೆಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ, ‘ಅವ್ಳು ಆಫೀಸಿನ ಉಗ್ರಾಣ ನೋಡ್ಕೊತಾಳೆ’ ಎಂದಳು. ಹೌದು ಅಂದೆ.