ನಡುವಿನ ಬಲ

(ಅಂತಿಮ ಬಿ.ಎ. ವಿದ್ಯಾರ್ಥಿ)

ಕಾರ್ಯಕ್ಕೆ ಸಿದ್ಧನಾದವನನ್ನು ‘ಟೊಂಕ ಕಟ್ಟಿ ನಿಂತ’ ಎನ್ನುತ್ತೇವೆ. ಮನುಷ್ಯನ ಶಕ್ತಿಯ ನೆಲೆ ನಡು ಎಂಬುದನ್ನು ನಮ್ಮ ನುಡಿ ಬಹು ಹಿಂದೆಯೇ ಅರಿತಿದೆ. ಆದರೆ ವ್ಯಾಯಾಮವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉಬ್ಬಿದ ತೋಳು, ಅಗಲವಾದ ಎದೆ. ಏಳುವಾಗ, ಬಾಗುವಾಗ, ಭಾರ ಹೊರುವಾಗ ನಮ್ಮನ್ನು ಕಾಯುವ ನಡುವನ್ನು ಮಾತ್ರ ನೋವು ಬರುವತನಕ ನೆನೆಯುವುದಿಲ್ಲ.

ನಡುವೆಂದರೆ ಬರಿಯ ಹೊಟ್ಟೆಯಲ್ಲ. ಅದನ್ನೊಂದು ಪೀಪಾಯಿಯೆಂದು ಭಾವಿಸಬಹುದು. ಉಸಿರಾಟಕ್ಕೆ ನೆರವಾಗುವ ವಪೆಯೇ ಅದರ ಮುಚ್ಚಳ. ಶ್ರೋಣಿಯ ಸ್ನಾಯುಗಳೇ ತಳ. ಮುಂದೆಯೂ ಪಕ್ಕಗಳಲ್ಲಿಯೂ ಹೊಟ್ಟೆಯ ಸ್ನಾಯುಗಳು, ಹಿಂದೆ ಬೆನ್ನಿನ ಸ್ನಾಯುಗಳು ಅದರ ಗೋಡೆ. ಒಳಗೆ ಸೊಂಟದ 5 ಕಶೇರುಕಗಳು ಒಂದರ ಮೇಲೊಂದು ನಿಂತಿವೆ. ಎದೆಯ ಭಾಗದ ಬೆನ್ನೆಲುಬಿಗೆ ಪಕ್ಕೆಲುಬುಗಳ ಪಂಜರದ ಆಸರೆಯುಂಟು. ಈ ಐದಕ್ಕೆ ಅಂತಹ ಪಂಜರವಿಲ್ಲ. ಸುತ್ತಲಿನ ಸ್ನಾಯುಗಳೇ ಅವುಗಳ ದೊಡ್ಡ ಆಸರೆ.

ಆದುದರಿಂದ ನಡುವಿನ ಮುಖ್ಯ ಕೆಲಸ ಚಲಿಸುವುದಕ್ಕಿಂತ ಹೆಚ್ಚಾಗಿ ಬೇಡದ ಚಲನೆಯನ್ನು ತಡೆಯುವುದು. ಆಸ್ಟ್ರೇಲಿಯದ ಹಾಡ್ಜಸ್ ಮತ್ತು ರಿಚರ್ಡ್‌ಸನ್ ಎಂಬ ವಿಜ್ಞಾನಿಗಳು 1996ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಸ್ವಾರಸ್ಯಕರವಾಗಿದೆ. ಆರೋಗ್ಯವಂತನು ಕೈಯೆತ್ತುವ ಮುನ್ನವೇ ಅವನ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯುತ್ತದೆ. ಸೊಂಟನೋವಿನಿಂದ ಬಳಲಿದವರಲ್ಲಿ ಅದು ತಡವಾಗುತ್ತದೆ. ಕೈ ಕೆಲಸಕ್ಕಿಳಿಯುವ ಮೊದಲೇ ನಡು ಟೊಂಕ ಕಟ್ಟುತ್ತದೆಯೆಂದಾಯಿತು!

ಭಾರ ಎತ್ತುವುದರಲ್ಲಿ ತಕ್ಕಡಿಯ ಲೆಕ್ಕವೂ ಅಡಗಿದೆ. ಬೆನ್ನಿನ ಸ್ನಾಯುಗಳು ಬೆನ್ನೆಲುಬಿಗೆ ಸುಮಾರು 5 ಸೆಂಟಿಮೀಟರ್ ದೂರದಿಂದ ಎಳೆಯುತ್ತವೆ. 10 ಕಿಲೋ ಅಕ್ಕಿಯ ಚೀಲವನ್ನು ಬೆನ್ನೆಲುಬಿನಿಂದ 50 ಸೆಂಟಿಮೀಟರ್ ಮುಂದೆ ಚಾಚಿ ಹಿಡಿದರೆ ಆ ಸ್ನಾಯುಗಳು 100 ಕಿಲೋ ತೂಕದಷ್ಟು ಬಲದಿಂದ ಎಳೆಯಬೇಕು. ಅದೇ ಚೀಲವನ್ನು 20 ಸೆಂಟಿಮೀಟರಿಗೆ ತಂದು ಮೈಗೊತ್ತಿ ಹಿಡಿದರೆ 40 ಕಿಲೋ ಸಾಕು. ಚೀಲ ಒಂದೇ, ಹಿಡಿದ ಬಗೆ ಬೇರೆ. ಭಾರವನ್ನು ಮೈಗೆ ಹತ್ತಿರ ತಂದುಕೊಂಡು, ಮಂಡಿ ಮಡಿಸಿ, ಬೆನ್ನನ್ನು ಗೂನು ಮಾಡದೆ ಎತ್ತಬೇಕೆಂಬ ಸಲಹೆಯ ಮರ್ಮ ಇದೇ.

2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನಂತೆ ಮನೆತನದಲ್ಲಿ ಮೊದಲಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಇದು ದೂರದ ಸುದ್ದಿಯಲ್ಲ. ಬಗ್ಗಿ ನಾಟಿ ಹಾಕಿ, ಕಳೆ ಕಿತ್ತು ಸಂಜೆ ಮನೆಗೆ ಬರುವ ನನ್ನ ಅವ್ವ ‘ದುಡಿಯೋ ಮೈಗೆ ನೋವು ಇದ್ದದ್ದೇ’ ಎಂದು ಸುಮ್ಮನಾಗುತ್ತಾಳೆ. ದಿನವೆಲ್ಲ ಬೆಂಚಿನ ಮೇಲೆ ಕೂರುವ ನಮ್ಮ ನಡುವಾದರೋ ದುಡಿಮೆಯಿಲ್ಲದೆಯೇ ಸೊರಗುತ್ತದೆ. ಅವರಿಗೆ ಬೇಕಾದುದು ಬಾಗುವ ಬಗೆ ಮತ್ತು ನಡುನಡುವೆ ವಿಶ್ರಾಂತಿ. ನಮಗೆ ಬೇಕಾದುದು ಸಾಧನೆ.

ಸಾಧನೆಗೆ ದುಡ್ಡು ಬೇಕಿಲ್ಲ; ಒಂದು ಚಾಪೆ ಸಾಕು. ಬೋರಲಾಗಿ ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ ನೇರವಾಗಿ 10 ಸೆಕೆಂಡು ನಿಲ್ಲಿಸುವುದು ಮೊದಲನೆಯದು. ಅಂಗೈ ಮತ್ತು ಮಂಡಿಗಳನ್ನೂರಿ ಬಲಗೈಯನ್ನೂ ಎಡಗಾಲನ್ನೂ ಚಾಚುವುದು, ಬಳಿಕ ಬದಲಾಯಿಸುವುದು ಎರಡನೆಯದು. ಬಸ್ಕಿ ಮೂರನೆಯದು. ನೀರು ತುಂಬಿದ ಬಕೆಟನ್ನು ಒಂದೇ ಕೈಯಲ್ಲಿ ಹಿಡಿದು, ಮೈ ವಾಲಿಸದೆ ಇಪ್ಪತ್ತು ಹೆಜ್ಜೆ ನಡೆದು ಕೈ ಬದಲಿಸುವುದು ನಾಲ್ಕನೆಯದು. ಯಾವುದರಲ್ಲಿಯೂ ಉಸಿರು ಕಟ್ಟಬಾರದು. ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂಬುದು ಆರೋಗ್ಯ ಸಂಸ್ಥೆಯ ಸಲಹೆ. ನೋವು ಕಾಲಿಗಿಳಿದರೆ ಅಥವಾ ಕಾಲು ಜೋಮು ಹಿಡಿದರೆ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಗರಡಿಮನೆಯ ದಂಡ, ಬಸ್ಕಿ, ಗದೆ ತಿರುಗಿಸುವ ಸಾಮುಗಳೆಲ್ಲ ನಡುವನ್ನು ಗಟ್ಟಿಗೊಳಿಸುವಂತಹವೇ. ಗದೆ ಹೆಗಲ ಸುತ್ತ ಬೀಸುವಾಗ ನಡು ಅಲುಗಾಡಿದರೆ ಪೈಲ್ವಾನನ ಹೆಜ್ಜೆಯೇ ತಪ್ಪುತ್ತದೆ. ಕಲಾ ವಿಭಾಗದವರಿಗೆ ಕಸರತ್ತೇಕೆಂದು ನಗುವ ಗೆಳೆಯರು ಒಂದನ್ನು ನೆನೆಯಲಿ: ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಲೇಖನಿಗೂ ಗರಡಿಗೂ ಹಗೆತನವಿಲ್ಲ.

ನಮ್ಮನ್ನು ಓದಿಸಲು ಬಗ್ಗಿದ ಬೆನ್ನುಗಳು ಊರಿನಲ್ಲಿವೆ. ಪದವಿಪತ್ರದೊಡನೆ ಈ ತಕ್ಕಡಿಯ ಲೆಕ್ಕವನ್ನೂ ಮನೆಗೆ ಒಯ್ದು, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳೋಣ. ಓದಿದ್ದಕ್ಕೆ ಅಷ್ಟಾದರೂ ಸಾರ್ಥಕವಾದೀತು.