ರಾಜಧಾನಿಯಿಂದ ರೇವಿಗೆ

ಉದ್ಯೋಗದಿಂದ ನಿವೃತ್ತನಾದ ಗೃಹಸ್ಥನಿಗೆ ಲೋಕವು ಎರಡು ಬಗೆಯ ಉಪದೇಶವನ್ನು ಮಾಡುವುದುಂಟು. ಮನೆಯಲ್ಲಿ ಕುಳಿತು ರಾಮಾಯಣ ಭಾರತಗಳನ್ನು ಓದಿಕೊಂಡಿರಿ ಎಂಬುದು ಒಂದು. ಕೈಕಾಲು ಗಟ್ಟಿಯಾಗಿರುವಾಗಲೇ ಕಾಶಿ ರಾಮೇಶ್ವರಗಳನ್ನು ನೋಡಿ ಬನ್ನಿರಿ ಎಂಬುದು ಮತ್ತೊಂದು. ಎರಡೂ ಹಿತವಾದ ಮಾತುಗಳೇ. ಆದರೆ ಇವೆರಡರ ನಡುವೆ ಮೂರನೆಯ ಮಾರ್ಗವೊಂದಿರುವುದು. ನಮ್ಮ ನಾಡಿನೊಳಗೇ, ನೆಲವನ್ನು ಬಿಡದೆ, ಸಾಧಾರಣ ಬಸ್ಸಿನಲ್ಲಿಯೂ ಹಗಲಿನ ರೈಲಿನಲ್ಲಿಯೂ ಸ್ವಲ್ಪಸ್ವಲ್ಪವಾಗಿ ಸಾಗುತ್ತ, ಊರೂರಿನಲ್ಲಿ ಎರಡು ಮೂರು ದಿನ ತಂಗುತ್ತ ಹೋಗುವುದೇ ಅದು. ದಿನಗಳು ಬೇಕಾದಷ್ಟಿದ್ದು, ವರ್ಷಗಳು ಎಷ್ಟು ಉಳಿದಿರುವುವೆಂದು ಅರಿಯದ ನಮ್ಮಂಥವರಿಗೆ ಈ ಮಾರ್ಗವು ಬಹಳ ಒಗ್ಗುವುದು.

ಕಳೆದ ಮಾರ್ಗಶಿರದಲ್ಲಿ ನಾನೂ ನನ್ನ ಪತ್ನಿಯೂ ಹಂಪೆಯಿಂದ ಹೊರಟು, ಘಟ್ಟವನ್ನಿಳಿದು, ಕರಾವಳಿಯ ಬಾರಕೂರನ್ನು 18 ದಿನಗಳಲ್ಲಿ ಸೇರಿದೆವು. ಆಕೆಗೆ ಮೊಣಕಾಲಿನ ನೋವು. ಇನ್ನೆರಡು ವರ್ಷ ತಡೆದರೆ ಗುಡಿಯ ಮೆಟ್ಟಿಲುಗಳನ್ನು ಹತ್ತುವುದು ಆಕೆಯಿಂದಾಗದೆಂಬ ಭಯ ನನಗಿದ್ದಿತು. ಮೂವತ್ತೈದು ವರ್ಷ ನನ್ನ ಶಾಲೆಯ ಗಂಟೆಗೆ ಸರಿಯಾಗಿ ಅಡಿಗೆ ಮಾಡಿದವಳು ನಾನು ಪಾಠ ಹೇಳಿದ ಊರುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಮಗನು ತನ್ನ ಕಾರಿನಲ್ಲಿ ಮೂರು ದಿನಗಳೊಳಗೆ ಎಲ್ಲವನ್ನೂ ತೋರಿಸಿಬಿಡುವೆನೆಂದನು. “ತೋರಿಸುವುದಕ್ಕೆ ಮೂರು ದಿನ ಸಾಕು ಕಣಪ್ಪ, ನೋಡುವುದಕ್ಕೆ ಸಾಲದು” ಎಂದು ಆಕೆಯೇ ಉತ್ತರವಿತ್ತಳು.

ಈ ದಾರಿಯನ್ನೇ ಆರಿಸಿದುದಕ್ಕೆ ಕಾರಣವುಂಟು. ಪಠ್ಯಪುಸ್ತಕದಲ್ಲಿ ವಿಜಯನಗರವು ಚರಿತ್ರೆಯ ಪಾಠ. ಕರಾವಳಿಯು ಭೂಗೋಳದ ಪಾಠ. ಒಂದು ಬೆಳಗ್ಗೆ, ಒಂದು ಮಧ್ಯಾಹ್ನ. ಆ ಎರಡು ಪಾಠಗಳನ್ನು ಕೂಡಿಸುವ ಹಾದಿಯು ಮಾತ್ರ ಯಾವ ಪುಟದಲ್ಲಿಯೂ ಕಾಣಬರುವುದಿಲ್ಲ. ಅದನ್ನು ಹಾದಿಯ ಮೇಲೆಯೇ ಓದಬೇಕು.

ಹಂಪೆಯಲ್ಲಿ ಮೂರು ದಿನ ಇದ್ದೆವು. ಬೆಳಗಿನ ತಂಪಿನಲ್ಲಿ ಒಂದು ಸ್ಥಳ, ಇಳಿಹೊತ್ತಿನಲ್ಲಿ ಮತ್ತೊಂದು, ನಡುವೆ ವಿಶ್ರಾಂತಿ. ಮಹಾನವಮಿ ದಿಬ್ಬದ ಕಲ್ಲುಗಳನ್ನು ಸಾವಕಾಶವಾಗಿ ನೋಡುತ್ತ ಹೋದರೆ ಆನೆ, ನರ್ತಕಿ, ಬೇಟೆಗಾರರೊಂದಿಗೆ ಕುದುರೆಗಳೂ, ಅವುಗಳನ್ನು ಹಿಡಿದ ಪರದೇಶದ ಉಡುಪಿನವರೂ ಕಾಣುವರು. ವಿಜಯವಿಠ್ಠಲನ ಗುಡಿಯ ಅಧಿಷ್ಠಾನದಲ್ಲಿಯೂ ಕುದುರೆ ವ್ಯಾಪಾರಿಗಳ ಸಾಲೇ ಇರುವುದು. “ಇಷ್ಟು ಕುದುರೆಗಳು ಈ ಬಂಡೆಗಳ ನಡುವೆ ಎಲ್ಲಿಂದ ಬಂದುವು?” ಎಂದು ಪತ್ನಿಯು ಕೇಳಿದಳು. ಅರಬ್ಬೀ ಸೀಮೆಯಿಂದಲೂ ಪಾರಸೀಕ ಕೊಲ್ಲಿಯ ಹೊರ್ಮುಜಿನಿಂದಲೂ ಹಡಗುಗಳಲ್ಲಿ ಬಂದು, ಭಟ್ಕಳ ಹೊನ್ನಾವರಗಳಂಥ ರೇವುಗಳಲ್ಲಿ ಇಳಿದು, ಘಟ್ಟವನ್ನೇರಿ ನಡೆದು ಬಂದುವು. ರೇವುಗಳನ್ನು ಚೆನ್ನಾಗಿ ಕಾಪಾಡಿ ಕುದುರೆ, ಆನೆ, ರತ್ನ, ಶ್ರೀಗಂಧಗಳ ಆಮದನ್ನು ಬೆಳೆಸಬೇಕೆಂದೂ, ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಪರದೇಶದ ನಾವಿಕರನ್ನು ಆದರಿಸಬೇಕೆಂದೂ ಕೃಷ್ಣದೇವರಾಯನು ತನ್ನ ‘ಆಮುಕ್ತಮಾಲ್ಯದ’ದಲ್ಲಿ ರಾಜನಿಗೆ ಬುದ್ಧಿ ಹೇಳಿರುವನು. ಸಮುದ್ರವನ್ನು ಕಾಣದ ಊರಿನಲ್ಲಿ ಕುಳಿತ ಅರಸನಿಗೆ ಸಮುದ್ರದ ಚಿಂತೆಯಿದ್ದಿತು. ಇದನ್ನು ಕೇಳಿ ಆಕೆಯು, “ಕುದುರೆಗಳು ನಡೆದ ದಾರಿಯಲ್ಲಿ ನಾವು ಬಸ್ಸಿನಲ್ಲಿ ಹೋದರೆ ಆಯಾಸವೇನು? ಹೊರಡಿ” ಎಂದಳು.

ಹೊಸಪೇಟೆಯಿಂದ ಹರಿಹರದ ಮೇಲೆ ಶಿವಮೊಗ್ಗೆಯವರೆಗೆ ಬಸ್ಸು. ಸರಕಾರವು 2023ರ ಜೂನ್ ತಿಂಗಳಲ್ಲಿ ಆರಂಭಿಸಿದ ಶಕ್ತಿ ಯೋಜನೆಯಿಂದ ಸಾಧಾರಣ ಬಸ್ಸಿನಲ್ಲಿ ಆಕೆಗೆ ಪ್ರಯಾಣವು ಉಚಿತ. ನನಗೆ ಮಾತ್ರ ಟಿಕೀಟು. ನಮ್ಮಿಬ್ಬರೊಳಗೆ ಸರಕಾರವು ಗೌರವಿಸುವುದು ಯಾರನ್ನೆಂಬುದನ್ನು ಆಕೆ ದಾರಿಯುದ್ದಕ್ಕೂ ಜ್ಞಾಪಿಸುತ್ತಿದ್ದಳು. ಶಿವಮೊಗ್ಗೆಯಿಂದ ಮುಂದೆ ರೈಲು. ಕುಂಸಿ, ಅರಸಾಳು, ಆನಂದಪುರಗಳನ್ನು ದಾಟುತ್ತ ಬಯಲು ಹಿಂದೆ ಸರಿದು ಕಾಡು ಸಮೀಪಿಸುವುದು. ಸಾಗರದಲ್ಲಿ ಇಳಿದು ಎರಡು ದಿನ ನಿಂತೆವು. ಸಮೀಪದ ಇಕ್ಕೇರಿಯಲ್ಲಿ ಅಘೋರೇಶ್ವರನ ವಿಶಾಲವಾದ ಶಿಲಾಮಂದಿರವಿರುವುದು. ವಿಜಯನಗರದ ಅಧೀನರಾಗಿದ್ದು ಕ್ರಮೇಣ ಸ್ವತಂತ್ರರಾದ ಕೆಳದಿಯ ನಾಯಕರು ಕಟ್ಟಿಸಿದುದು. ಇದೇ ವಂಶದ ಬಸಪ್ಪನಾಯಕನು ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಅಡಿಕೆ ಮೆಣಸುಗಳ ನಾಡಿನಲ್ಲಿ ಕುಳಿತು ಸಕಲ ಶಾಸ್ತ್ರಗಳನ್ನೂ ಒಂದೆಡೆ ಕೂಡಿಸಹೊರಟ ಅರಸನನ್ನು ನೆನೆದು ನನಗೆ ಬಹಳ ಸಂತೋಷವಾಯಿತು.

ತಾಳಗುಪ್ಪದಲ್ಲಿ ಹಳಿಯು ಮುಗಿಯುವುದು. ಮುಂದೆ ಘಟ್ಟ. ಶರಾವತಿಯು ಜೋಗದಲ್ಲಿ 253 ಮೀಟರು ಕೆಳಕ್ಕೆ ಧುಮುಕುವ ಎತ್ತರವನ್ನು ಬಸ್ಸು ತಿರುವು ತಿರುವಾಗಿ ಇಳಿಯುವುದು. ಇಳಿಯುತ್ತ ಇಳಿಯುತ್ತ ಗಾಳಿಯು ಬೆಚ್ಚಗಾಗಿ, ಮೈ ಜಿಗುಟಾಗಿ, ತೋಟಗಳಲ್ಲಿ ಅಡಿಕೆಮರವನ್ನು ಅಪ್ಪಿದ ಮೆಣಸಿನ ಬಳ್ಳಿಗಳು ಕಾಣುವುವು. ಕುದುರೆಗಳು ಏರಿ ಬಂದ ಘಟ್ಟಗಳನ್ನು ಮೆಣಸು ಇಳಿದು ಹೋಗುತ್ತಿದ್ದಿತು. ಈ ಮೆಣಸಿನ ಒಡತಿಯೇ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಆಕೆಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದೇ ಕರೆದರು. ಆಕೆಯ ಪಟ್ಟಣವಿದ್ದಲ್ಲಿ ಈಗ ಕಾಡು. ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ. ಪತ್ನಿಯು ಅದರ ಜಗತಿಯ ಮೇಲೆ ಕಾಲು ನೀಡಿ ಕುಳಿತು, “ಒಬ್ಬ ಹೆಂಗಸು ಇಷ್ಟು ದೂರದವರೊಡನೆ ಲೆಕ್ಕ ನಡೆಸಿದಳೇ!” ಎಂದು ಬಹಳ ಹೊತ್ತು ಸುಮ್ಮನಿದ್ದಳು. ಮನೆಯ ಲೆಕ್ಕವನ್ನೆಲ್ಲ ನಡೆಸಿದವಳಾದುದರಿಂದ ಆ ಮಾತಿನ ತೂಕವನ್ನು ನಾನು ಬಲ್ಲೆ.

ಅಂದು ಸಂಜೆ ಮೊಣಕಾಲು ಊದಿಕೊಂಡಿತು. ಹೊನ್ನಾವರದಲ್ಲಿ ಒಂದು ದಿನವೆಂದಿದ್ದುದು ನಾಲ್ಕು ದಿನಗಳಾದುವು. ನಿಧಾನ ಪ್ರಯಾಣದ ಮುಖ್ಯವಾದ ಗುಣವೇ ಇದು: ಕಾದಿರುವ ವಾಹನವಿಲ್ಲ, ತಪ್ಪಿಹೋಗುವ ಕಾರ್ಯಕ್ರಮವಿಲ್ಲ. ವಸತಿಗೃಹದ ಅಡಿಗೆಯಾಕೆ ಕುಚ್ಚಲಕ್ಕಿಯ ಗಂಜಿಯನ್ನೂ ಮುರುಗಲ ಹುಳಿಯ ಸಾರನ್ನೂ ಕೊಟ್ಟು, ಕಾಲಿಗೆ ಬಿಸಿ ಎಣ್ಣೆ ತಿಕ್ಕಿದಳು. ಹೊಸಪೇಟೆಯ ಜೋಳದ ರೊಟ್ಟಿ, ಸಾಗರದ ತಂಬುಳಿ, ಇಲ್ಲಿಯ ಗಂಜಿ — ನಾಡು ಬದಲಾಗುವುದು ತಟ್ಟೆಯಲ್ಲಿ ಮೊದಲು ತಿಳಿಯುವುದೆಂದು ಪತ್ನಿಯು ಹೇಳಿದಳು. ಆ ವಿರಾಮದಲ್ಲಿ ಆಕೆಗೊಂದು ಸಂಗತಿಯನ್ನು ಹೇಳಿದೆನು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನೆಂಬ ಮೊರಾಕೋ ದೇಶದ ಪ್ರವಾಸಿಯು ಈ ಪಟ್ಟಣದಲ್ಲಿ ಬಾಲಕರಿಗೆ 23, ಬಾಲಿಕೆಯರಿಗೆ 13 ಪಾಠಶಾಲೆಗಳನ್ನು ಕಂಡು, ಇಂಥದನ್ನು ಬೇರೆಲ್ಲಿಯೂ ಕಂಡುದಿಲ್ಲವೆಂದು ಬರೆದಿರುವನು. ರೇವಿಗೆ ಇಳಿದುದು ಕುದುರೆಗಳು ಮಾತ್ರವೇ ಅಲ್ಲವೆಂದಾಯಿತು.

ಕಾಲು ತಗ್ಗಿದ ಮೇಲೆ ಭಟ್ಕಳಕ್ಕೆ ರೈಲು ಹತ್ತಿದೆವು. ಶರಾವತಿಯ ಮೇಲಿನ ಸೇತುವೆಯು 2 ಕಿಲೋಮೀಟರಿಗೂ ಉದ್ದ. ಒಂದು ಕಡೆ ಬೆಟ್ಟ, ಒಂದು ಕಡೆ ಅಳಿವೆ. ಭಟ್ಕಳದಲ್ಲಿ ವರ್ತಕನ ಹೆಸರನ್ನು ಹೊತ್ತ ಕೇತಪೈ ನಾರಾಯಣ ದೇವಾಲಯವನ್ನೂ ಹಳೆಯ ಬಸದಿಗಳನ್ನೂ ನೋಡಿದೆವು. ಇಲ್ಲಿಂದ ಸರಕು ಹೊತ್ತ ಎತ್ತುಗಳ ಸಾಲುಗಳು ಒಳನಾಡಿಗೆ ಹೋಗುತ್ತಿದ್ದುದನ್ನು 1520ರ ಸುಮಾರಿಗೆ ಬಂದ ಪೋರ್ತುಗೀಜ ಪಯಸನು ಬರೆದಿರುವನು. 1565ರಲ್ಲಿ ರಕ್ಕಸತಂಗಡಿಯ ಕಾಳಗದ ತರುವಾಯ ಹಂಪೆಯು ಹಾಳಾಯಿತು. ಕುದುರೆಗಳನ್ನು ಕೊಳ್ಳುವ ಆ ಮಹಾನಗರವು ಇಲ್ಲವಾದ ಮೇಲೆ ಈ ದಾರಿಯ ವ್ಯಾಪಾರವೂ ಕುಗ್ಗಿತು. ದೊಡ್ಡ ಮನೆಯೊಂದು ಮುರಿದರೆ ಅದನ್ನು ನೆಚ್ಚಿದ ದೂರದ ಒಲೆಗಳೂ ಆರುವುವು. ಹಂಪೆಯಲ್ಲಿ ಬಿದ್ದ ಕಂಬಗಳನ್ನು ಕಂಡಾಗ ಅರ್ಧ ತಿಳಿದಿದ್ದ ದುಃಖವು ಈ ರೇವಿನಲ್ಲಿ ಪೂರ್ಣವಾಗಿ ತಿಳಿಯಿತು.

ಕೊನೆಯ ಊರು ಬಾರಕೂರು. ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿದ್ದ ಈ ಪಟ್ಟಣವು ಈಗ ತೆಂಗಿನ ತೋಟಗಳ ನಡುವಿನ ಶಾಂತವಾದ ಗ್ರಾಮ. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಮಾತ್ರ ಹಳೆಯ ನಗರದ ಬೀದಿಗಳನ್ನು ನೆನಪಿಗೆ ತರುವುವು. ಕತ್ತಲೆ ಬಸದಿಯ ಮೆಟ್ಟಿಲುಗಳನ್ನು ಆಕೆಯು ನನ್ನ ಕೈ ಹಿಡಿಯದೆಯೇ ಹತ್ತಿದಳು.

ಇಂಥ ಪ್ರಯಾಣವನ್ನು ಮಾಡಬಯಸುವ ಸಮವಯಸ್ಕರಿಗೆ ಎರಡು ಮಾತು. ಕಾರ್ತಿಕದಿಂದ ಮಾಘದವರೆಗಿನ ಕಾಲವು ಉತ್ತಮ. ಮಳೆಗಾಲದಲ್ಲಿ ಘಟ್ಟವು ಸುಗಮವಲ್ಲ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ವಾಹನದಲ್ಲಿ ಕುಳಿತಿರಬೇಡಿರಿ; ದೂರದ ಹಾದಿಯನ್ನು ಎರಡು ದಿನಗಳಿಗೆ ಹಂಚಿಕೊಳ್ಳಿರಿ. ಸಾಮಾನು ಒಬ್ಬರೇ ಎತ್ತುವಷ್ಟಿರಲಿ. ನಿತ್ಯದ ಔಷಧಿಯನ್ನು ಎರಡು ಚೀಲಗಳಲ್ಲಿ ಹಂಚಿಡಿರಿ. ಊರೂರಿಗೂ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳಿರಿ. ದೇಹವು ಕೇಳಿದರೆ ಅದಕ್ಕೆ, ಇಲ್ಲವಾದರೆ ಊರಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಹೋಗಬೇಕೆಂದಿರುವವರು ಮುಂದಿನ ವರ್ಷವೆನ್ನದೆ ಈ ವರ್ಷವೇ ಹೊರಡಿರಿ.