ಪೀಣ್ಯದ ಪಿ.ಎಫ್. ಮತ್ತು ಷೇರುಗಳ ಬುಟ್ಟಿ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಭವಿಷ್ಯ ನಿಧಿಯಲ್ಲಿರುವ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಮುಟ್ಟುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಹೊಸೂರು ರಸ್ತೆಯಲ್ಲೂ ಪೀಣ್ಯದ ಕಡೆ ತುಮಕೂರು ರಸ್ತೆಯಲ್ಲೂ ವಾಹನಗಳು ನಿಂತವು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಅವರಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ, ಅದೇ ನಿಧಿಯ ಒಂದು ಪಾಲು ಆಗಲೇ ಷೇರುಪೇಟೆ ಸೇರಿತ್ತು! 2015ರ ಆಗಸ್ಟ್‌ನಿಂದ ಭವಿಷ್ಯ ನಿಧಿ ಸಂಸ್ಥೆಯು ಹೊಸದಾಗಿ ಹೂಡುವ ಹಣದಲ್ಲಿ ಶೇ 5ನ್ನು ಇ.ಟಿ.ಎಫ್.ಗಳಲ್ಲಿ ತೊಡಗಿಸತೊಡಗಿತು. 2017ರಲ್ಲಿ ಇದು ಶೇ 15ಕ್ಕೆ ಏರಿತು.

ಏನಿದು ಇ.ಟಿ.ಎಫ್.? ಷೇರುಗಳ ಬುಟ್ಟಿ ಎನ್ನಬಹುದು. ನಿಫ್ಟಿ ಬುಟ್ಟಿಯಲ್ಲಿ 50 ದೊಡ್ಡ ಕಂಪನಿಗಳ ಷೇರುಗಳಿರುತ್ತವೆ. ಎಲೆಕ್ಟ್ರಾನಿಕ್ ಸಿಟಿಯ ಇನ್ಫೊಸಿಸ್ ಕೂಡ ಅದರಲ್ಲಿದೆ. ಬುಟ್ಟಿಯನ್ನು ಸಣ್ಣ ಸಣ್ಣ ಯೂನಿಟ್‌ಗಳಾಗಿ ಮಾಡಿ, ಷೇರಿನಂತೆಯೇ ಪೇಟೆಯಲ್ಲಿ ಮಾರುತ್ತಾರೆ. 2019ರ ಅಕ್ಟೋಬರ್ 22ರಂದು ಇನ್ಫೊಸಿಸ್ ಷೇರು ಸುಮಾರು ಶೇ 16 ಕುಸಿಯಿತು. ಅಂದು ನಿಫ್ಟಿ ಶೇ 1ರಷ್ಟೂ ಇಳಿಯಲಿಲ್ಲ. ಬುಟ್ಟಿಯ ಲಾಭ ಇದೇ. ಆದರೆ ಪೇಟೆಯೇ ಕುಸಿದರೆ? ಕೊರೊನಾ ಭಯದಲ್ಲಿ, 2020ರ ಮಾರ್ಚ್ 23ರ ಒಂದೇ ದಿನ ನಿಫ್ಟಿ ಸುಮಾರು ಶೇ 13 ಬಿದ್ದಿತು. ನೂರು ರೂಪಾಯಿ 87 ಆದ ಮೇಲೆ ಮತ್ತೆ ನೂರಾಗಬೇಕಾದರೆ ಶೇ 13 ಸಾಲದು, ಸುಮಾರು ಶೇ 15 ಏರಬೇಕು. ಮಕ್ಕಳು ಲೆಕ್ಕ ಹಾಕಿ ನೋಡಬಹುದು.

ಪೀಣ್ಯದ ಕಾರ್ಮಿಕನಿಗೆ ಈ ಏಟು ನೇರವಾಗಿ ತಗಲುವುದಿಲ್ಲ. ನಿಧಿಯ ಹೆಚ್ಚಿನ ಹಣ ಸಾಲಪತ್ರಗಳಲ್ಲಿದೆ, ಅವನ ಖಾತೆಗೆ ಸೇರುವುದು ವರ್ಷಕ್ಕೊಮ್ಮೆ ಘೋಷಿಸುವ ಬಡ್ಡಿ. ಮೊಬೈಲ್ ಒತ್ತಿ ಅದೇ ಬುಟ್ಟಿ ಕೊಳ್ಳುವ ವೈಟ್‌ಫೀಲ್ಡ್‌ನ ಹೊಸ ಎಂಜಿನಿಯರ್‌ಗೆ ಈ ಮೆತ್ತೆ ಇಲ್ಲ. ಸಾಫ್ಟ್‌ವೇರ್ ಕಂಪನಿಗಳದೇ ಬುಟ್ಟಿಯನ್ನು ಆತ ಕೊಂಡರಂತೂ ಸಂಬಳ, ಉಳಿತಾಯ ಎರಡೂ ಒಂದೇ ಕೊಂಬೆಗೆ ನೇತುಬಿದ್ದಂತೆ.

ಇನ್ನೊಂದು ತೊಡಕು ಬೆಲೆಯದು. ಯೂನಿಟ್ಟಿಗೆ ಒಳಗಿನ ಸರಕಿನ ಮೌಲ್ಯವೊಂದು, ಪೇಟೆಯ ದರ ಇನ್ನೊಂದು. ಸಾಮಾನ್ಯವಾಗಿ ಅಂತರ ಕಡಿಮೆ. 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಮುನ್ನ, ಬೆಳ್ಳಿಯ ಅಭಾವದಿಂದ ಬೆಳ್ಳಿ ಇ.ಟಿ.ಎಫ್.ಗಳು ಒಳಗಿನ ಬೆಳ್ಳಿಗಿಂತ ತುಟ್ಟಿಯಾದವು. ನೂರರ ಸರಕಿಗೆ 110 ಕೊಟ್ಟವನು, ಬೆಳ್ಳಿ ಇದ್ದಲ್ಲೇ ಇದ್ದರೂ, ಅಂತರ ಕರಗಿದಾಗ ಹತ್ತು ಕಳೆದುಕೊಳ್ಳುತ್ತಾನೆ. ಒಳಗಿನ ಮೌಲ್ಯವನ್ನು ಫಂಡ್ ಸಂಸ್ಥೆಗಳು ವಹಿವಾಟಿನ ವೇಳೆಯಲ್ಲೇ ಪ್ರಕಟಿಸುತ್ತಿರುತ್ತವೆ. ಕೊಳ್ಳುವವರು ಅದನ್ನು ನೋಡಿ, ತಾವು ಕೊಡಬಲ್ಲ ಗರಿಷ್ಠ ದರವನ್ನು ಆರ್ಡರಿನಲ್ಲೇ ನಮೂದಿಸಬಹುದು.